ಫೋರ್ಕ್‌ಲಿಫ್ಟ್ ಓಡಾಡುವಲ್ಲಿ ನಡೆಯುವವರಿಗೆ

ನೆಲಮಂಗಲ, ಹೊಸಕೋಟೆ ಕಡೆಯ ಗೋದಾಮುಗಳಲ್ಲಿ ಲೋಡಿಂಗ್, ಪ್ಯಾಕಿಂಗ್ ಕೆಲಸ ಮಾಡುವವರಿಗೆ ಫೋರ್ಕ್‌ಲಿಫ್ಟ್ ಹೊಸದಲ್ಲ. ಮುಂದೆ ಚಾಚಿದ ಎರಡು ಉಕ್ಕಿನ ಪಟ್ಟಿಗಳಿಂದ ಪ್ಯಾಲೆಟ್, ಅಂದರೆ ಸರಕು ಪೇರಿಸಿದ ಹಲಗೆ, ಎತ್ತಿ ಸಾಗಿಸುವ ಗಾಡಿ ಅದು. ನೋಡಲು ಕಾರಿಗಿಂತ ಚಿಕ್ಕದು. ಆದರೆ ಎರಡೂವರೆ ಟನ್ ಎತ್ತುವ ಗಾಡಿ ಖಾಲಿ ಇದ್ದಾಗಲೇ ಮೂರೂವರೆ ಟನ್ ದಾಟುತ್ತದೆ. ಭಾರಕ್ಕೆ ಮುಂದಕ್ಕೆ ಮುಗ್ಗರಿಸದಿರಲೆಂದು ಹಿಂಬದಿಗೆ ಕೌಂಟರ್‌ವೇಟ್ ಎಂಬ ಕಬ್ಬಿಣದ ದೊಡ್ಡ ದಿಂಡು ಕೂರಿಸಿರುತ್ತಾರೆ.

ಅಪಾಯ ಇರುವುದೂ ಆ ಹಿಂಬದಿಯಲ್ಲೇ. ಕಾರಿನಲ್ಲಿ ಸ್ಟೇರಿಂಗ್‌ಗೆ ಮುಂದಿನ ಚಕ್ರ ತಿರುಗುತ್ತದೆ, ಇದರಲ್ಲಿ ಹಿಂದಿನದು. ಗಾಡಿ ಎಡಕ್ಕೆ ತಿರುಗಿತೆಂದರೆ ಹಿಂಬದಿ ಬಲಕ್ಕೆ ಬೀಸುತ್ತದೆ. ಮುಂಭಾಗ ದಾಟಿ ಹೋಯಿತಲ್ಲ ಎಂದು ರ‍್ಯಾಕಿಗೆ ಒರಗಿ ನಿಂತವರು ಗಾಡಿಗೂ ರ‍್ಯಾಕಿಗೂ ನಡುವೆ ಸಿಕ್ಕಿಕೊಳ್ಳುವುದು ಹೀಗೆ.

ಆಪರೇಟರ್ ನೋಡಿಕೊಳ್ಳುವುದಿಲ್ಲವೇ ಎನ್ನಬಹುದು. ನೋಡಬೇಕೆಂದರೂ ಅವನಿಗೆ ಕಾಣುವುದು ಕಡಿಮೆ. ಎದುರಿಗೆ ಮಾಸ್ಟ್, ಅಂದರೆ ಪಟ್ಟಿಗಳು ಏರಿಳಿಯುವ ಕಂಬಗಳು. ಅದರಾಚೆ ಸರಕಿನ ರಾಶಿ. ರಾಶಿ ಎತ್ತರವಾಗಿದ್ದರೆ ರಿವರ್ಸ್‌ನಲ್ಲೇ ಓಡಿಸಬೇಕೆಂಬುದು ನಿಯಮ, ಅವಸರದಲ್ಲಿ ಅದನ್ನು ಮರೆಯುವವರಿದ್ದಾರೆ. ಬ್ಯಾಟರಿ ಗಾಡಿಗಳಂತೂ ಸದ್ದೇ ಮಾಡುವುದಿಲ್ಲ.

ಆದ್ದರಿಂದ ಅಡ್ಡ ದಾಟುವ ಮುನ್ನ ನಿಲ್ಲಿ. ಆಪರೇಟರ್ ನಿಮ್ಮ ಮುಖ ನೋಡಿ ಕೈಸನ್ನೆ ಮಾಡಿದ ಮೇಲೆ ದಾಟಿ. ಎತ್ತಿದ ಪಟ್ಟಿಗಳ ಕೆಳಗೆ, ಅವು ಖಾಲಿ ಇದ್ದರೂ, ಹೋಗಬೇಡಿ. ಕಿವಿಗೆ ಇಯರ್‌ಫೋನ್ ಬೇಡ. ಭಾರ ಹೆಚ್ಚಾಗಿ ಹಿಂದಿನ ಚಕ್ರ ಮೇಲೆದ್ದಾಗ ಇಬ್ಬರನ್ನು ಹಿಂದೆ ಹತ್ತಿಸಿ ನಿಲ್ಲಿಸುವ ಚಾಳಿ ಕೆಲವು ಕಡೆ ಇದೆ. ಯಾರು ಹೇಳಿದರೂ ಹತ್ತಬೇಡಿ. ಗಾಡಿ ವಾಲತೊಡಗಿದರೆ ಕೈಕೊಟ್ಟು ತಡೆಯಲು ಹೋಗದೆ ದೂರ ಓಡಿ.

ಇಷ್ಟು ಹೇಳಿದರೂ, ಜನ ಎಚ್ಚರವಾಗಿದ್ದರೆ ಸಾಕು ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಎಂಟು ಗಂಟೆಯ ಶಿಫ್ಟ್ ಪೂರ್ತಿ ಯಾರೂ ಎಚ್ಚರವಾಗಿರಲಾರರು. ಜನರ ದಾರಿಯನ್ನೂ ಗಾಡಿಯ ದಾರಿಯನ್ನೂ ಬೇರೆ ಮಾಡಬೇಕಾದದ್ದು ಮಾಲೀಕರು. ನೆಲಕ್ಕೆ ಬಳಿದ ಹಳದಿ ಗೆರೆ ಗಾಡಿಯನ್ನು ತಡೆಯುವುದಿಲ್ಲ, ಕಬ್ಬಿಣದ ಗಟ್ಟಿ ಕಂಬಿಬೇಲಿ ಬೇಕು. ಡಾಕ್‌ಗೆ, ಅಂದರೆ ಲಾರಿ ಬಂದು ನಿಲ್ಲುವ ಕಟ್ಟೆಗೆ, ಜನ ಹೋಗಲು ಬೇರೆ ಬಾಗಿಲು ಬೇಕು.

ಖರ್ಚಾಗುವುದು ಬೇಲಿಗೆ. ಮೂಲೆಗೆ ಹಾಕುವ ಉಬ್ಬುಗನ್ನಡಿ ಮತ್ತು ಗಾಡಿ ಬರುವ ಮೊದಲೇ ನೆಲದ ಮೇಲೆ ನೀಲಿ ಚುಕ್ಕೆ ಬೀಳಿಸುವ ದೀಪ ಕೆಲವೇ ಸಾವಿರ ರೂಪಾಯಿಯ ಸಾಮಾನು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸೇಫ್ಟಿ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ.

ಪೆಟ್ಟಾದರೆ? ತಿಂಗಳ ಸಂಬಳ 21,000 ರೂಪಾಯಿ ಮೀರದವರು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಗೆ ಬರುತ್ತಾರೆ, ಗುತ್ತಿಗೆ ಕೆಲಸಗಾರರೂ ಸೇರಿ. ಕೆಲಸದಲ್ಲಿ ಆದ ಗಾಯಕ್ಕೆ ಚಿಕಿತ್ಸೆ ಸಿಗುತ್ತದೆ, ದುಡಿಯಲಾಗದ ದಿನಗಳಿಗೆ ಕೂಲಿಯ ಶೇ. 90ರಷ್ಟು ಹಣವೂ ಬರುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಈ ಹಕ್ಕಿದೆ. ಗುತ್ತಿಗೆದಾರರು ನಿಮ್ಮ ಹೆಸರು ನೋಂದಾಯಿಸಿದ್ದಾರೆಯೇ ಎಂದು ಇವತ್ತೇ ಕೇಳಿ, ಇಎಸ್‌ಐ ನಂಬರ್ ಬರೆದಿಟ್ಟುಕೊಳ್ಳಿ.