ಅಟ್ಟ ದೊಡ್ಡದಾದರೆ ಅಡುಗೆಮನೆ ದೊಡ್ಡದಾಗದು

ಬ್ರೌಸರಿನಲ್ಲಿ ಹತ್ತಿಪ್ಪತ್ತು ಟ್ಯಾಬ್ ತೆರೆದಿವೆ, ಜೊತೆಗೊಂದು ವೀಡಿಯೊ ಕರೆಯೂ ನಡೆದಿದೆ. ಆಗ ಪರದೆಯ ಮೇಲೆ ‘ವರ್ಚುವಲ್ ಮೆಮೊರಿ ಕಡಿಮೆಯಾಗಿದೆ’ ಎಂಬ ಎಚ್ಚರಿಕೆ ಮೂಡಿದರೆ, ಹಲವರು ಡಿಸ್ಕಿನಲ್ಲಿರುವ ಸಿನಿಮಾ, ಫೋಟೊಗಳನ್ನು ಅಳಿಸಲು ಕೂರುತ್ತಾರೆ. ಇನ್ನು ಕೆಲವರು, ಮುಖ್ಯ ಸ್ಮೃತಿಯಾದ ರ‍್ಯಾಮ್ ಸಾಲದಾಗ ನೆರವಿಗೆಂದು ಡಿಸ್ಕಿನಲ್ಲಿ ಇಟ್ಟಿರುವ ಪೇಜ್ ಫೈಲಿನ ಗಾತ್ರವನ್ನು ದುಪ್ಪಟ್ಟು ಮಾಡುತ್ತಾರೆ. ಎಚ್ಚರಿಕೆ ಮಾಯವಾದರೂ ಎಷ್ಟೋ ಸಲ ಕಂಪ್ಯೂಟರಿನ ಆಮೆವೇಗ ಹಾಗೇ ಉಳಿಯುತ್ತದೆ. ಇಲ್ಲಿರುವುದು ಒಂದಲ್ಲ, ಎರಡು ತೊಂದರೆ. ಕಾರ್ಯಕ್ರಮಗಳಿಗೆ ‘ಕೊಡುತ್ತೇನೆ’ ಎಂದು ಮಾತು ಕೊಟ್ಟ ಜಾಗ ಮಿತಿ ಮುಟ್ಟುವುದು ಒಂದು. ನಿಜಕ್ಕೂ ಕೆಲಸ ಮಾಡುವ ಜಾಗ ಸಾಲದೇ ಹೋಗುವುದು ಇನ್ನೊಂದು. ಯಾವುದು ಎಂದು ನೋಡದೆ ಮದ್ದು ಮಾಡಿದರೆ ಶ್ರಮವೂ ಹಣವೂ ದಂಡ.

ವರ್ಚುವಲ್ ಮೆಮೊರಿ ಹುಟ್ಟಿದ್ದೇ ಜಾಗದ ಬಡತನದಿಂದ. 1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕೆಲಸ ಆರಂಭಿಸಿದ ಅಟ್ಲಾಸ್ ಕಂಪ್ಯೂಟರಿನ ವೇಗದ ಸ್ಮೃತಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 16 ಸಾವಿರ ಪದಗಳು ಮಾತ್ರ. ನಿಧಾನವಾಗಿ ತಿರುಗುವ ಅಯಸ್ಕಾಂತದ ಡ್ರಮ್ಮಿನಲ್ಲಿ ಸುಮಾರು 96 ಸಾವಿರ. ಎರಡರ ನಡುವೆ ಮಾಹಿತಿಯನ್ನು ಸಾಗಿಸುವ ಹೊಣೆ ಅದುವರೆಗೆ ಪ್ರೋಗ್ರಾಂ ಬರೆಯುವವರದೇ ಆಗಿತ್ತು. ಟಾಮ್ ಕಿಲ್‌ಬರ್ನ್ ಅವರ ತಂಡ ಮಾಹಿತಿಯನ್ನು 512 ಪದಗಳ ಪುಟಗಳಾಗಿ ಹೋಳು ಮಾಡಿ, ಸಾಗಾಟವನ್ನು ಯಂತ್ರಕ್ಕೇ ವಹಿಸಿತು. ಇಂದಿನ ವಿಂಡೋಸ್ ಮಾಡುವುದೂ ಅದನ್ನೇ, ಸಾಮಾನ್ಯವಾಗಿ 4 ಕಿಲೋಬೈಟಿನ ಪುಟಗಳಲ್ಲಿ. ರ‍್ಯಾಮ್ ಅನ್ನು ಅಡುಗೆಮನೆಯ ಕಟ್ಟೆ ಎಂದುಕೊಂಡರೆ ಡಿಸ್ಕಿನಲ್ಲಿರುವ ಪೇಜ್ ಫೈಲ್ ಅಟ್ಟ. ಹಬ್ಬಕ್ಕಷ್ಟೇ ಬೇಕಾಗುವ ಹಂಡೆ, ಕೊಪ್ಪರಿಗೆ ಅಟ್ಟದಲ್ಲಿದ್ದರೆ ಕಟ್ಟೆಯ ಮೇಲೆ ಕೈಯಾಡಿಸಲು ಜಾಗವಿರುತ್ತದೆ.

ಮೊದಲ ತೊಂದರೆಯನ್ನು ಕಣ್ಣಾರೆ ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿಯನ್ನು ಆರಿಸಿದರೆ ‘ಕಮಿಟೆಡ್’ ಎಂಬುದರ ಕೆಳಗೆ ಓರೆಗೆರೆಯ ಆಚೀಚೆ ಎರಡು ಅಂಕಿ ಕಾಣುತ್ತವೆ. ಎಡಗಡೆಯದು ಕಾರ್ಯಕ್ರಮಗಳಿಗೆ ಈಗಾಗಲೇ ಮಾತು ಕೊಟ್ಟ ಜಾಗ. ಬಲಗಡೆಯದು ರ‍್ಯಾಮ್ ಮತ್ತು ಪೇಜ್ ಫೈಲ್ ಸೇರಿದ ಮಿತಿ: 8 ಜಿಬಿ ರ‍್ಯಾಮ್, 4 ಜಿಬಿ ಪೇಜ್ ಫೈಲ್ ಇದ್ದರೆ ಸುಮಾರು 12. ಎಡಗಡೆಯ ಅಂಕಿ ಬಲಗಡೆಯದರ ಹತ್ತಿರ ಬಂದಾಗಲೇ ಎಚ್ಚರಿಕೆ ಬರುವುದು. ಪೇಜ್ ಫೈಲಿನ ಗಾತ್ರವನ್ನು ಯಾರಾದರೂ ಕೈಯಾರೆ ಕಟ್ಟಿಹಾಕಿದ್ದರೆ ಅದನ್ನು ಬಿಚ್ಚಿ, ನಿರ್ವಹಣೆಯನ್ನು ವಿಂಡೋಸಿಗೇ ಬಿಡಬೇಕು. ಅದು ಬೆಳೆಯಲು ಸಿ ಡ್ರೈವಿನಲ್ಲಿ ಜಾಗವೂ ಖಾಲಿ ಇರಬೇಕು. ಸಿನಿಮಾ ಅಳಿಸುವುದರಿಂದ ಲಾಭವಾಗುವುದು ಆ ಡ್ರೈವ್ ತುಂಬಿದ್ದಾಗ ಮಾತ್ರ. ಹೊಸದೇನನ್ನೂ ತೆರೆಯದಿದ್ದರೂ ಯಾವುದೋ ಒಂದು ಕಾರ್ಯಕ್ರಮದ ಪಾಲು ಗಂಟೆಗಂಟೆಗೂ ಏರುತ್ತಲೇ ಇದ್ದರೆ ಅದು ಸೋರಿಕೆ: ಪಡೆದ ಜಾಗವನ್ನು ಅದು ಹಿಂದಿರುಗಿಸುತ್ತಿಲ್ಲ. ಅದನ್ನು ಮುಚ್ಚಿ ತೆರೆಯಬೇಕು, ಹೊಸ ಆವೃತ್ತಿಗೆ ಬದಲಿಸಬೇಕು. ಮಿತಿ ಹಿಗ್ಗಿಸಿದರೆ ಎಚ್ಚರಿಕೆ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ಎರಡನೆಯ ತೊಂದರೆಯ ಬೇರು ವೇಗದ ಅಂತರದಲ್ಲಿದೆ. ರ‍್ಯಾಮಿನಿಂದ ಮಾಹಿತಿ ಸಿಗಲು ಸುಮಾರು 100 ನ್ಯಾನೊಸೆಕೆಂಡು ಬೇಕು. ತಿರುಗುವ ಹಾರ್ಡ್ ಡಿಸ್ಕಿನಿಂದ ಸುಮಾರು 10 ಮಿಲಿಸೆಕೆಂಡು. ಮೊದಲನೆಯದನ್ನು ಒಂದು ಸೆಕೆಂಡಿಗೆ ಹಿಗ್ಗಿಸಿ ನೋಡಿದರೆ ಎರಡನೆಯದು 27 ಗಂಟೆಗೂ ಹೆಚ್ಚು! ಅಪರೂಪಕ್ಕೊಮ್ಮೆ ಅಟ್ಟ ಹತ್ತಿದರೆ ಯಾರಿಗೂ ತಿಳಿಯದು. ದಿನಬಳಕೆಯ ಪಾತ್ರೆಗಳೇ ಕಟ್ಟೆಯ ಮೇಲೆ ಹಿಡಿಸದಿದ್ದಾಗ, ಒಂದನ್ನು ಇಳಿಸಲು ಇನ್ನೊಂದನ್ನು ಹತ್ತಿಸುತ್ತಾ, ಅಡುಗೆಗಿಂತ ಏಣಿಯ ಕೆಲಸವೇ ಹೆಚ್ಚಾಗುತ್ತದೆ. ತಂತ್ರಜ್ಞರು ‘ಥ್ರ್ಯಾಶಿಂಗ್’ ಎನ್ನುವ ಈ ಸ್ಥಿತಿಯನ್ನು 1968ರಲ್ಲಿ ವಿವರಿಸಿದ ಪೀಟರ್ ಡೆನ್ನಿಂಗ್, ಕಾರ್ಯಕ್ರಮಕ್ಕೆ ಆ ಹೊತ್ತಿಗೆ ಬೇಕಾದ ಪುಟಗಳ ಗುಂಪು ಮುಖ್ಯ ಸ್ಮೃತಿಯಲ್ಲಿ ಒಟ್ಟಿಗೆ ಇರಲೇಬೇಕೆಂದು ತೋರಿಸಿದರು. ಅಟ್ಟವನ್ನು ಎಷ್ಟು ಹಿಗ್ಗಿಸಿದರೂ ಏಣಿಯ ಓಡಾಟ ತಪ್ಪದು. ಒಟ್ಟಿಗೆ ತೆರೆದಿರುವುದನ್ನು ಕಡಿಮೆ ಮಾಡಬೇಕು, ಇಲ್ಲವೇ ರ‍್ಯಾಮ್ ಹೆಚ್ಚಿಸಬೇಕು.

ಎಸ್‌ಎಸ್‌ಡಿ ಹಾಕಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಅದರಿಂದ ನಿಜಕ್ಕೂ ಬಹಳ ಅನುಕೂಲವಿದೆ, ಆದರೂ ಅದೇ ಅಳತೆಯಲ್ಲಿ ಕಾಯುವ ಸಮಯ ಸುಮಾರು ಕಾಲು ಗಂಟೆ. ರ‍್ಯಾಮಿನ ಒಂದು ಸೆಕೆಂಡಿಗೆ ಅದು ಸಾಟಿಯಲ್ಲ. ಹಾಗಾದರೆ 16 ಜಿಬಿ ರ‍್ಯಾಮ್ ಇರುವವರು ಪೇಜ್ ಫೈಲನ್ನೇ ತೆಗೆದುಹಾಕಬಹುದಲ್ಲ ಎನ್ನುವವರಿದ್ದಾರೆ. ತೆಗೆದರೆ ಮಾತು ಕೊಡುವ ಮಿತಿ ಕುಗ್ಗುತ್ತದೆ. ಬಳಕೆಯಾಗದ ಪುಟಗಳಿಗೆ ಹೋಗಲು ಜಾಗವೇ ಇರುವುದಿಲ್ಲ. ರ‍್ಯಾಮಿನಲ್ಲಿ ಜಾಗ ಉಳಿದಿದ್ದರೂ ಕಾರ್ಯಕ್ರಮಗಳು ಕುಸಿಯಬಹುದು. ರ‍್ಯಾಮಿನ ಒಂದೂವರೆ ಪಟ್ಟು ಪೇಜ್ ಫೈಲ್ ಇರಲಿ ಎಂಬ ಹಳೆಯ ಸೂತ್ರವೂ ಈಗ ಹೊಂದುವುದಿಲ್ಲ: ಅದರ ಪ್ರಕಾರ ರ‍್ಯಾಮ್ ಹೆಚ್ಚಿದಷ್ಟೂ ಅಟ್ಟ ಬೆಳೆಯಬೇಕು, ವಾಸ್ತವದಲ್ಲಿ ಅದೇ ಕೆಲಸಕ್ಕೆ ಕಟ್ಟೆ ದೊಡ್ಡದಾದಷ್ಟೂ ಅಟ್ಟದ ಅಗತ್ಯ ಕಡಿಮೆ.

ಆದ್ದರಿಂದ ಕೈಹಾಕುವ ಮೊದಲು ಅಂಕಿ ನೋಡಬೇಕು. ಕಮಿಟೆಡ್ ಮಿತಿ ಮುಟ್ಟಿದ್ದರೆ ಸರಿಪಡಿಸಲು ಬಹುಪಾಲು ಒಂದು ಪೈಸೆಯೂ ಬೇಕಿಲ್ಲ. ಮಿತಿ ದೂರವಿದ್ದು, ರ‍್ಯಾಮ್ ಸದಾ ತುಂಬಿ, ಡಿಸ್ಕ್ ಬಿಡುವಿಲ್ಲದೆ ಓಡುತ್ತಿದ್ದರೆ ರ‍್ಯಾಮಿನ ಇನ್ನೊಂದು ಪಟ್ಟಿ ಹಾಕಲು ಖಾಲಿ ಸ್ಲಾಟ್ ಇದೆಯೇ ಎಂದು ವಿಚಾರಿಸಬೇಕು. ಇಷ್ಟು ಮಾಡದೆ ‘ಹಳೆಯದಾಯಿತು’ ಎಂದು ಗುಜರಿಗೆ ಕೊಟ್ಟ ಯಂತ್ರ, ಮನೆಯ ಮಕ್ಕಳ ಓದಿಗೆ ಇನ್ನೂ ಕೆಲವು ವರ್ಷ ಆಗಿಬರುವಂಥದ್ದೇ ಆಗಿರಬಹುದು.