ತಾತನ ಕತ್ತಿಗೆ ಯಾವ ಪೇಸ್ಟ್: ಹಸಿರೋ, ಕೆಂಪೋ, ಡೈಮಂಡೋ?

 

ನಮ್ಮ ತಾತನಿಗೆ ಈಗ 84. ಕೈ ನಡುಗುತ್ತೆ. ಹಾಗಾಗಿ ಭಾನುವಾರ ಅವರ ಗಡ್ಡ ತೆಗೆಯೋದು ನನ್ನ ಕೆಲಸ. ಬೇರೆ ಯಾವ ರೇಜರೂ ಅವರಿಗೆ ಒಗ್ಗಲ್ಲ, ತಮ್ಮ ಹಳೇ ಮಡಚೋ ಕತ್ತಿಯೇ ಆಗಬೇಕು. ಆ ಕತ್ತಿಯ ಹರಿತವನ್ನ ಹೋದ ವರ್ಷ ನಾನೇ ಹಾಳು ಮಾಡಿದೆ. ಹೇಗೆ ಅಂತ ಹೇಳ್ತೀನಿ, ನೀವು ಅದನ್ನ ಮಾಡಬೇಡಿ.

ಮೊದಲು ಬೇಸಿಕ್ಸ್. ಸಾಣೆ ಕಲ್ಲು ಕತ್ತಿಗೆ ಅಂಚು ಕೊಡುತ್ತೆ. ಚರ್ಮದ ಪಟ್ಟಿ, ಅಂದರೆ ಸ್ಟ್ರಾಪ್, ಆ ಅಂಚನ್ನ ನೇರ ಮಾಡಿ ನಯ ಮಾಡುತ್ತೆ. ದಿನಾ ಬಳಸೋ ಪಟ್ಟಿಗೆ ಏನೂ ಹಚ್ಚಬಾರದು. ಕತ್ತಿ ಕೂದಲನ್ನ ಎಳೆಯೋಕೆ ಶುರು ಮಾಡಿದಾಗ ಮಾತ್ರ, ಪೇಸ್ಟ್ ಹಚ್ಚಿದ ಇನ್ನೊಂದು ಪಟ್ಟಿ ಬೇಕು. ಪೇಸ್ಟ್‌ನಲ್ಲಿರೋ ಸಣ್ಣ ಕಣಗಳು ಉಕ್ಕನ್ನ ನಿಜವಾಗಿಯೂ ಸವೆಸುತ್ತವೆ. ನಾನು ಬಿಕಾಂ ಓದಿದವನು, ನನ್ನ ಲೆಕ್ಕದಲ್ಲಿ ಇದು ಡಿಪ್ರಿಸಿಯೇಷನ್. ಪ್ರತಿ ಸಲವೂ ಆಸ್ತಿ ಸ್ವಲ್ಪ ಕರಗುತ್ತೆ.

ಕಣದ ಅಳತೆ ಮೈಕ್ರಾನ್‌ನಲ್ಲಿ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು. ನಮಗೆ ಬೇಕಾಗಿರೋದು ಒಂದು ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣದು. ಆಯ್ಕೆ ಮೂರು.

ಹಸಿರು: ಕ್ರೋಮಿಯಂ ಆಕ್ಸೈಡ್. ಕತ್ತಿಗೆ ಅಂತಲೇ ಮಾರೋದು ಸಾಮಾನ್ಯವಾಗಿ 0.5 ಮೈಕ್ರಾನ್. ಹೊಸಬರಿಗೆ ನನ್ನ ಓಟು ಇದಕ್ಕೇ.

ಕೆಂಪು: ಐರನ್ ಆಕ್ಸೈಡ್. ಒಡವೆಗೆ ಹೊಳಪು ಕೊಡೋಕೆ ಬಳಸೋ ರೂಜ್ ಕೂಡ ಇದೇ. ಹಸಿರಿಗಿಂತ ಮೃದು. ಹಸಿರಿನ ನಂತರ ಇನ್ನಷ್ಟು ನಯ ಬೇಕು ಅನ್ನೋರಿಗೆ.

ಡೈಮಂಡ್: 1, 0.5, 0.25 ಮೈಕ್ರಾನ್‌ಗಳಲ್ಲಿ ಸಿಗುತ್ತೆ. ಬಲು ಬೇಗ ಕೆಲಸ ಮಾಡುತ್ತೆ, ಅಷ್ಟೇ ಬೇಗ ತಪ್ಪೂ ಆಗುತ್ತೆ. ಇದನ್ನ ಬಳಸಿದ ಮೇಲೆ ಅಂಚು ಸ್ವಲ್ಪ ಒರಟು ಅನ್ನಿಸಬಹುದು. ತಾತನ ತೆಳು ಚರ್ಮಕ್ಕೆ ನಾನಂತೂ ಇದನ್ನೇ ಕೊನೆಯ ಹಂತ ಮಾಡಲ್ಲ.

ಈಗ ನನ್ನ ತಪ್ಪಿಗೆ ಬರೋಣ. ಹಾರ್ಡ್‌ವೇರ್ ಅಂಗಡಿಯಲ್ಲಿ ಹಸಿರು ಪಾಲಿಶ್ ಬಾರ್ ಕಂಡಿತು. 'ಹಸಿರು ತಾನೇ, ಅದೇ ಇರುತ್ತೆ' ಅಂದ್ಕೊಂಡು ತಂದೆ. ಅಂಥ ಬಾರ್‌ಗಳು ತಿರುಗೋ ಬಫಿಂಗ್ ಚಕ್ರದಲ್ಲಿ ಲೋಹಕ್ಕೆ ಹೊಳಪು ಕೊಡೋಕೆ ಇರೋವು. ಎಷ್ಟೋ ಸಲ ಅವುಗಳಲ್ಲಿ ಅಲ್ಯುಮಿನಿಯಂ ಆಕ್ಸೈಡ್‌ನ ದಪ್ಪ ಕಣಗಳೂ ಸೇರಿರುತ್ತವೆ. ನಾನು ತಂದ ಬಾರ್ ಮೇಲೆ ಕಣದ ಅಳತೆಯೇ ಇರಲಿಲ್ಲ. ಸಾಲದ್ದಕ್ಕೆ ಒತ್ತಿ ಒತ್ತಿ ನಲವತ್ತು ಸಲ ಎಳೆದೆ. ಒತ್ತಿದಾಗ ಚರ್ಮ ತಗ್ಗಿ, ಅಂಚಿನ ಹತ್ತಿರ ಉಬ್ಬಿ, ಅಂಚನ್ನ ದುಂಡಗೆ ಮಾಡುತ್ತೆ. ಭಾನುವಾರ ತಾತ ಕೆನ್ನೆ ಹಿಂದಕ್ಕೆ ಎಳ್ಕೊಂಡು, 'ಉರೀತಿದೆ ಕಣೋ, ಬಿಡು' ಅಂದರು. ಆಮೇಲೆ ಕಲ್ಲಿನ ಮೇಲೆ ಮೊದಲಿಂದ ಮಸೆಯಬೇಕಾಯ್ತು.

ಹಾಗಾದ್ರೆ ಎಲ್ಲಿ ಕೊಳ್ಳೋದು? ಶೇವಿಂಗ್ ಸಾಮಾನು ಮಾರೋ ಆನ್‌ಲೈನ್ ಅಂಗಡಿಗಳು ಒಂದು ದಾರಿ. ಇನ್ನೊಂದು ದಾರಿ ಹೆಚ್ಚು ಜನಕ್ಕೆ ಹೊಳೆಯಲ್ಲ: ಲ್ಯಾಬ್ ಸಾಮಾನಿನ ಅಂಗಡಿ. ಲೋಹದ ತುಂಡನ್ನ ಮೈಕ್ರೋಸ್ಕೋಪಲ್ಲಿ ನೋಡೋ ಮೊದಲು ಡೈಮಂಡ್ ಪೇಸ್ಟಿನಿಂದ ನಯ ಮಾಡ್ತಾರೆ. ಸಿರಿಂಜಲ್ಲಿ ಬರೋ ಆ ಪೇಸ್ಟಿನ ಮೇಲೆ ಮೈಕ್ರಾನ್ ನಮೂದಾಗಿರುತ್ತೆ. ಎಲ್ಲೇ ಕೊಂಡರೂ ಎರಡು ಪ್ರಶ್ನೆ ಕೇಳಿ: ಒಳಗೆ ಏನಿದೆ, ಎಷ್ಟು ಮೈಕ್ರಾನ್? ಉತ್ತರ ಇಲ್ಲ ಅಂದ್ರೆ ಬೇಡ. ಬಣ್ಣ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ. ಪುಡಿ ತಂದರೆ ಮಾಸ್ಕ್ ಹಾಕ್ಕೊಳ್ಳಿ, ದೂಳು ಮೂಗಿಗೆ ಹೋಗಬಾರದು.

ಹಚ್ಚುವಾಗ ತೆಳುವಾಗಿ ನಾಲ್ಕು ಗೆರೆ ಸಾಕು. ಒಂದು ಪೇಸ್ಟಿಗೆ ಒಂದೇ ಪಟ್ಟಿ. ಕತ್ತಿಯ ಬೆನ್ನು ಮುಂದೆ, ಅಂಚು ಹಿಂದೆ ಇರಲಿ, ತಿರುಗಿಸುವಾಗ ಬೆನ್ನಿನ ಮೇಲೇ ಹೊರಳಿಸಿ. ಕತ್ತಿಯ ಭಾರವೇ ಸಾಕು, ಒತ್ತಬೇಡಿ. ಹತ್ತು ಸಲ ಎಳೆದು ನೋಡಿ. ಆಮೇಲೆ ಕತ್ತಿ ಒರೆಸಿ, ಪೇಸ್ಟಿಲ್ಲದ ಪಟ್ಟಿಗೆ ಹೋಗಿ. ಅಂಚು ಮುಕ್ಕಾಗಿದ್ರೆ ಪೇಸ್ಟಿಂದ ಏನೂ ಆಗಲ್ಲ, ಕಲ್ಲೇ ಬೇಕು.

ಹೋದ ಭಾನುವಾರ ಶೇವ್ ಮುಗಿದ ಮೇಲೆ ತಾತ ಕೆನ್ನೆ ಸವರ್ಕೊಂಡು ಒಂದೇ ಮಾತು ಅಂದರು: 'ಪರವಾಗಿಲ್ಲ.' ಅವರ ಬಾಯಲ್ಲಿ ಅದು ಫಸ್ಟ್ ಕ್ಲಾಸ್.

ನಿಮ್ಮನೇಲೂ ಹಳೇ ಕತ್ತಿ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡಲ್ಲಿ ಸಿಗೋಣ.