ಬಣ್ಣದ ಮೆಣಸಿನಕಾಯಿ, ಬದಲಾದ ಹೊಲ

ಕುಪ್ಪೇಲೂರಿನಿಂದ ಬ್ಯಾಡಗಿಗೆ ಹೊರಟರೆ ದಾರಿಯ ಎರೆಹೊಲಗಳನ್ನು ಗಮನಿಸಿ. ಬೇಸಿಗೆಯಲ್ಲಿ ಬಿರಿಯುವ ಈ ಕಪ್ಪುಮಣ್ಣು ಮಳೆನೀರನ್ನು ಬಹುದಿನ ಹಿಡಿದಿಡುತ್ತದೆ; ಮಳೆಯನ್ನೇ ನಂಬಿದ ಮೆಣಸಿನ ಗಿಡ ಬದುಕುವುದು ಆ ತೇವದಿಂದ. ಬ್ಯಾಡಗಿ ಕಾಯಿಯಲ್ಲಿ ಕೆಂಪು ಕೊಡುವ ಕ್ಯಾಪ್ಸಾಂಥಿನ್ ಹೆಚ್ಚು, ಖಾರ ಕೊಡುವ ಕ್ಯಾಪ್ಸೈಸಿನ್ ಕಡಿಮೆ. (ಸಾರಿನ ಬಣ್ಣಕ್ಕೆ ಮರುಳಾಗುವ ನಮಗೆ ಬೇಕಾದದ್ದೂ ಇದೇ!) ಗಿಡ್ಡ, ದಪ್ಪನೆಯದು ಡಬ್ಬಿ, ನೀಳ, ಸುಕ್ಕುಸುಕ್ಕಾದುದು ಕಡ್ಡಿ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಆದರೆ ಮುಟುರು ರೋಗ, ಮತ್ತೆ ಮತ್ತೆ ಕಾಯಿ ಬಿಡಿಸುವ ಕೂಲಿಖರ್ಚು ಇಲ್ಲಿನ ಅನೇಕ ರೈತರನ್ನು ಗೋವಿನಜೋಳದತ್ತ ತಿರುಗಿಸಿವೆ. ಬ್ಯಾಡಗಿ ಪೇಟೆಯ ಕೆಂಪು ರಾಶಿಗಳಲ್ಲಿ ಬಳ್ಳಾರಿ, ಆಂಧ್ರದ ಕಾಯಿಯೇ ಬಹಳ. ಗೋವಿನಜೋಳದ ಎಳೆಪೈರಿಗೋ, 1974ರಲ್ಲಿ ಸ್ಥಾಪನೆಯಾದ ರಾಣೆಬೆನ್ನೂರು ಅಭಯಾರಣ್ಯದ ಕೃಷ್ಣಮೃಗಗಳ ಕಾಟ. ಅವುಗಳನ್ನು ನೋಡಲು ನಸುಕಿನಲ್ಲಿ ಹೋದರೆ, ರಾತ್ರಿಯೆಲ್ಲ ಹೊಲ ಕಾದು ಮರಳುವ ರೈತರೂ ನಿಮಗೆ ದಾರಿಯಲ್ಲಿ ಸಿಗುತ್ತಾರೆ.